ಸಸ್ಪೆನ್ಷನ್ ತಗ್ಗಿಸಿದ ಕಾರುಗಳಲ್ಲಿ ಕುಲುಕಾಟ: ಕಾರಣ, ಪರಿಹಾರ ಹಾಗೂ ನೋಂದಣಿ ನವೀಕರಣ

ಖಾಸಗಿ ಕಾರುಗಳ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸಲಿರುವ ಮೈಸೂರು ನಗರದ ವಾಹನ ಮಾಲೀಕರ, ವಿಶೇಷವಾಗಿ ಸೆಕೆಂಡ್ ಹ್ಯಾಂಡ್ ಕಾರುಗಳನ್ನು ಖರೀದಿಸಿದವರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸರಸ್ವತಿಪುರಂ ನಿವಾಸಿಯೊಬ್ಬರು ಹದಿನಾಲ್ಕು ವರ್ಷ ಹಳೆಯದಾದ ಸಣ್ಣ ಕಾರೊಂದನ್ನು ಕೊಂಡಿದ್ದಾರೆಂದು ಭಾವಿಸಬಹುದು. ಕಾರು ನೋಡಲು ಚೆನ್ನಾಗಿದೆ, ನೆಲಕ್ಕೆ ತುಸು ಹತ್ತಿರವಾಗಿಯೇ ನಿಂತಿದೆ. ಆದರೆ ಕಾಂತರಾಜ ಅರಸು ರಸ್ತೆಯಿಂದ ಮನೆಯ ಕ್ರಾಸ್‌ಗೆ ತಿರುಗಿ ಮೊದಲ ಹಂಪ್ ದಾಟಿದೊಡನೆ ಕಾರು ಎರಡು ಮೂರು ಬಾರಿ ಕುಪ್ಪಳಿಸುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತ ವಯಸ್ಸಾದವರಿಗೆ ಸೊಂಟ ಹಿಡಿಯುತ್ತದೆ. ಹಿಂದಿನ ಮಾಲೀಕರು ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸಿದ್ದರೆಂಬ ಸಂಗತಿ ಗ್ಯಾರೇಜಿನಲ್ಲಿ ಕಾರನ್ನು ಮೇಲೆತ್ತಿದಾಗ ಮಾತ್ರ ತಿಳಿಯುತ್ತದೆ. ಇಷ್ಟರಲ್ಲಿ ನೋಂದಣಿಯ ಹದಿನೈದು ವರ್ಷಗಳ ಅವಧಿ ಮುಗಿಯಲು ಕೆಲವೇ ತಿಂಗಳು ಉಳಿದಿರುತ್ತದೆ.

ಕುಲುಕಾಟಕ್ಕೆ ಕಾರಣ

ಚಕ್ರದ ಮೇಲಿರುವ ಸ್ಪ್ರಿಂಗ್ ರಸ್ತೆಯ ಪೆಟ್ಟನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡ ಶಕ್ತಿಯನ್ನು ಮರಳಿ ಚಿಮ್ಮಿಸುವುದೂ ಅದರ ಸ್ವಭಾವ. ಆ ಚಿಮ್ಮುವಿಕೆಯನ್ನು ಎಣ್ಣೆಯ ಪ್ರತಿರೋಧದಿಂದ ತಡೆಯುವುದು ಶಾಕ್ ಅಬ್ಸಾರ್ಬರ್‌ನ ಕೆಲಸ. ತಯಾರಕರು ಇವೆರಡನ್ನೂ ಕಾರಿನ ತೂಕಕ್ಕೆ ತಕ್ಕಂತೆ ಒಂದಕ್ಕೊಂದು ಹೊಂದಿಸಿರುತ್ತಾರೆ. ತಗ್ಗಿಸಿದ ಕಾರಿನಲ್ಲಿ ಕೆಡುವುದು ಈ ಹೊಂದಾಣಿಕೆ.

ಸ್ಪ್ರಿಂಗಿನ ಸುತ್ತುಗಳು ಕಡಿಮೆಯಾದಂತೆ ಅದು ಬಿರುಸಾಗುತ್ತದೆ. ಕೆಲಸ ಮಾಡುವ ಆರು ಸುತ್ತುಗಳ ಪೈಕಿ ಒಂದನ್ನು ಕತ್ತರಿಸಿದರೆ ಬಿರುಸು ಶೇಕಡಾ 20ರಷ್ಟು ಏರುತ್ತದೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ ಇರುವುದರಿಂದ ಬಿರುಸಾದ ಸ್ಪ್ರಿಂಗನ್ನು ಹಿಡಿದು ನಿಲ್ಲಿಸಲು ಅದಕ್ಕೆ ಸಾಧ್ಯವಾಗುವುದಿಲ್ಲ. ಅಲ್ಲದೆ ಕಾರು ತಗ್ಗಿದಷ್ಟೂ ಚಕ್ರ ಮೇಲಕ್ಕೆ ಚಲಿಸಲು ಇರುವ ಅವಕಾಶ ಕುಗ್ಗುತ್ತದೆ. ನಾಲ್ವರು ಕುಳಿತಾಗ ಸಣ್ಣ ಗುಂಡಿಯೂ ಸಾಕು. ಸಸ್ಪೆನ್ಷನ್ ಕೊನೆಯ ರಬ್ಬರ್ ತಡೆಗೆ ಬಡಿದು ಕಾರು ಚೆಂಡಿನಂತೆ ಪುಟಿಯುತ್ತದೆ.

ಈ ಎರಡು ಬಗೆಯ ಕುಲುಕಾಟಗಳನ್ನು ಪ್ರತ್ಯೇಕವಾಗಿ ಗುರುತಿಸುವುದು ಅವಶ್ಯ. ಹಂಪ್ ದಾಟಿದ ನಂತರವೂ ಕಾರು ತೇಲಿದಂತೆ ಮೇಲೆ ಕೆಳಗೆ ಆಡುತ್ತಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ ಎಂದರ್ಥ. ದಡ್ ಎಂಬ ಶಬ್ದದೊಡನೆ ಒಂದೇ ಪೆಟ್ಟಿಗೆ ಜಿಗಿಯುತ್ತಿದ್ದರೆ ಅದು ರಬ್ಬರ್ ತಡೆಗೆ ಬಡಿಯುತ್ತಿದೆ. ನಿಂತ ಕಾರಿನ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಟ್ಟಾಗ ಅದು ಒಮ್ಮೆ ಮೇಲೆದ್ದು ಸ್ಥಿರವಾಗತಕ್ಕದ್ದು. ಹಲವು ಬಾರಿ ತೂಗಿದರೆ, ಅಥವಾ ಶಾಕ್ ಅಬ್ಸಾರ್ಬರ್‌ನ ಮೈಮೇಲೆ ಎಣ್ಣೆಯ ಜಿನುಗು ಕಂಡರೆ, ಬದಲಾವಣೆ ಅನಿವಾರ್ಯ. ಟೈರಿನಲ್ಲಿ ಗಾಳಿ ಹೆಚ್ಚಾಗಿದ್ದರೂ ಸವಾರಿ ಒರಟಾಗುವುದರಿಂದ ಮೊದಲು ಅದನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ. ಅದಕ್ಕೆ ಖರ್ಚೇನೂ ಇಲ್ಲ.

ಹಂಪ್‌ಗಳ ವಿಷಯ

ಹಂಪ್‌ಗಳೇ ತೊಂದರೆಗೆ ಮೂಲವೆಂದು ಅನೇಕರು ದೂರುತ್ತಾರೆ. ಈ ದೂರಿನಲ್ಲಿ ಅರ್ಧ ಸತ್ಯವಿದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಭಾರತೀಯ ರಸ್ತೆ ಕಾಂಗ್ರೆಸ್ ಸೂಚಿಸಿರುವ ದುಂಡನೆಯ ಉಬ್ಬು 10 ಸೆಂ.ಮೀ. ಎತ್ತರವಿದ್ದು, ಸಂಚಾರದ ದಿಕ್ಕಿನಲ್ಲಿ 3.7 ಮೀಟರ್‌ವರೆಗೆ ಹರಡಿಕೊಂಡಿರುತ್ತದೆ. ಇಂತಹ ಉಬ್ಬಿನ ಮೇಲೆ ಸಣ್ಣ ಕಾರು ನಿಂತಾಗ ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವೆ ಉಬ್ಬು ಮೇಲೇಳುವುದು ಸುಮಾರು 4 ಸೆಂ.ಮೀ. ಮಾತ್ರ. ಕಿರಿದಾದ, ಕಡಿದಾದ ಉಬ್ಬಿನ ಮೇಲಾದರೆ ಅದರ ಪೂರ್ಣ ಎತ್ತರ ಕಾರಿನ ತಳಕ್ಕೆ ಎದುರಾಗುತ್ತದೆ. ಸುಮಾರು 17 ಸೆಂ.ಮೀ. ನೆಲದಂತರವಿದ್ದ ಕಾರನ್ನು 5 ಸೆಂ.ಮೀ. ತಗ್ಗಿಸಿ ನಾಲ್ವರನ್ನು ಕೂರಿಸಿದರೆ ತಳ ತಾಗದೇ ಉಳಿಯುವುದು ಕಷ್ಟ. ಆದುದರಿಂದ ರಸ್ತೆ ಸರಿಯಾಗಲೆಂದು ಕಾಯುವುದಕ್ಕಿಂತ ಕಾರನ್ನು ಮೂಲ ಎತ್ತರಕ್ಕೆ ತರುವುದೇ ಮೇಲು.

ಸರಿಪಡಿಸುವ ಕ್ರಮ

ಕುಲುಕಾಟ ಕಡಿಮೆಯಾಗಲೆಂದು ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬುಗುಟು ಸಿಕ್ಕಿಸುವುದು, ರಬ್ಬರ್ ತಡೆಯನ್ನು ಕೊಯ್ದು ಗಿಡ್ಡ ಮಾಡುವುದು ಅಥವಾ ಇನ್ನೊಂದು ಸುತ್ತು ಕತ್ತರಿಸುವುದು ಪರಿಹಾರವಲ್ಲ. ಪ್ರತಿಯೊಂದೂ ಹೊಸ ದೋಷವನ್ನು ತಂದೊಡ್ಡುತ್ತದೆ. ಗ್ಯಾಸ್ ಜ್ವಾಲೆಯಿಂದ ಕಾಯಿಸಿ ಕುಗ್ಗಿಸಿದ ಸ್ಪ್ರಿಂಗ್ ಇನ್ನೂ ಅಪಾಯಕರ. ಕಾಯಿಸಿದ ಉಕ್ಕು ತನ್ನ ಹದವನ್ನು ಕಳೆದುಕೊಳ್ಳುವುದರಿಂದ ಅದು ಮುಂದೆಯೂ ಕುಸಿಯಬಹುದು, ಮುರಿಯಲೂಬಹುದು. ಕತ್ತರಿಸಿದ ಸ್ಪ್ರಿಂಗ್ ಚಕ್ರ ಗುಂಡಿಗೆ ಇಳಿದಾಗ ತನ್ನ ಕುಳಿಯಿಂದ ಜಾರುವ ಸಂಭವವಿದೆ.

ಆಯಾ ಮಾದರಿಗೆ ತಯಾರಕರು ನಿಗದಿಪಡಿಸಿದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳನ್ನು ಒಂದೇ ಆಕ್ಸಲ್‌ನ ಎರಡೂ ಬದಿಗೆ ಜೋಡಿಯಾಗಿ ಅಳವಡಿಸುವುದು ಸರಿಯಾದ ಕ್ರಮ. ಒಂದು ಬದಿಯನ್ನು ಮಾತ್ರ ಬದಲಿಸಿದರೆ ಬ್ರೇಕ್ ಹಾಕಿದಾಗ ಹಾಗೂ ತಿರುವುಗಳಲ್ಲಿ ಕಾರಿನ ಎರಡು ಬದಿಗಳು ಬೇರೆ ಬೇರೆಯಾಗಿ ವರ್ತಿಸುತ್ತವೆ. ಕಡೆಗಣಿಸಲಾಗುವ ಒಂದು ಅಂಶವನ್ನು ಇಲ್ಲಿ ಹೇಳಲೇಬೇಕು: ಸಸ್ಪೆನ್ಷನ್ ತೋಳುಗಳ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಕಾರು ಜಾಕಿನ ಮೇಲೆ ತೂಗುತ್ತಿರುವಾಗಲೇ ಅಂತಿಮವಾಗಿ ಬಿಗಿಗೊಳಿಸಬಾರದು. ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರ ಬಿಗಿಗೊಳಿಸತಕ್ಕದ್ದು. ಇಲ್ಲವಾದಲ್ಲಿ ಬುಷ್ ತಿರುಚಿಕೊಂಡೇ ಉಳಿದು, ಹೊಸ ಭಾಗಗಳನ್ನು ಹಾಕಿಸಿದರೂ ಸವಾರಿ ಒರಟಾಗಿಯೇ ಇರುತ್ತದೆ, ಬುಷ್ ಕೂಡ ಬೇಗ ಹರಿಯುತ್ತದೆ. ಕೊನೆಯಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್‌ನ ಬೆಳಕು ಬೀಳುವ ಎತ್ತರವನ್ನೂ ನೋಡಿಸಬೇಕು.

ಕೆಲವು ಹಳೆಯ ಮಾದರಿಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಭಾರಕ್ಕೆ ತಕ್ಕಂತೆ ನಿಯಂತ್ರಿಸುವ ಕವಾಟವು ಹಿಂದಿನ ಆಕ್ಸಲ್‌ಗೆ ಜೋಡಣೆಯಾಗಿರುತ್ತದೆ. ಕಾರು ತಗ್ಗಿದಾಗ ಈ ಕವಾಟವು ಕಾರಿನಲ್ಲಿ ಭಾರವಿದೆಯೆಂದು ಪರಿಗಣಿಸಿ ಹಿಂದಿನ ಚಕ್ರಗಳಿಗೆ ಹೆಚ್ಚು ಒತ್ತಡ ಕಳುಹಿಸುತ್ತದೆ. ಮಳೆಯಲ್ಲಿ ದಿಢೀರ್ ಬ್ರೇಕ್ ಹಾಕಿದರೆ ಹಿಂದಿನ ಚಕ್ರಗಳು ಕಚ್ಚಿಕೊಂಡು ಕಾರು ಅಡ್ಡಲಾಗಿ ತಿರುಗಬಹುದು. ಹೀಗಾಗಿ ಕುಲುಕಾಟವನ್ನು ಕೇವಲ ಸೌಕರ್ಯದ ಪ್ರಶ್ನೆಯೆಂದು ಭಾವಿಸಲಾಗದು.

ಕಾನೂನಿನ ಉಪಬಂಧಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರ ಮೇರೆಗೆ ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ವಾಹನದ ಮೂಲ ಲಕ್ಷಣವನ್ನು ಬದಲಿಸುವಂತಹ ರಚನಾತ್ಮಕ ಬದಲಾವಣೆಯನ್ನು ಮಾರ್ಪಾಡೆಂದು ಆ ಪ್ರಕರಣವು ವಿವರಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಈ ನಿರ್ಬಂಧವನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಹೊಸ ರೂಪದಲ್ಲಿ ಪ್ರತಿಸ್ಥಾಪಿತವಾದ ಪ್ರಕರಣ 182ಎ ಅನ್ವಯ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಸಾರ್ವಜನಿಕ ಸ್ಥಳದಲ್ಲಿ ಅಪಾಯ ಉಂಟುಮಾಡುವ ಸ್ಥಿತಿಯಲ್ಲಿರುವ ವಾಹನದ ನೋಂದಣಿಯನ್ನು ಪ್ರಕರಣ 53ರಡಿ ಅಮಾನತಿನಲ್ಲಿಡಬಹುದಾಗಿದೆ.

ಸ್ಪ್ರಿಂಗ್ ಕತ್ತರಿಸಿದ್ದು ಹಿಂದಿನ ಮಾಲೀಕರೇ ಆಗಿದ್ದರೂ ತಪಾಸಣೆಯ ದಿನ ವಾಹನದ ಸ್ಥಿತಿಗೆ ಉತ್ತರ ಹೇಳಬೇಕಾದವರು ಈಗಿನ ಮಾಲೀಕರು. ಆದ್ದರಿಂದ ಹಣ ಕೊಡುವ ಮುನ್ನವೇ ಕಾರನ್ನು ಮೇಲೆತ್ತಿಸಿ ನೋಡುವುದು ಕ್ಷೇಮ. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದಲ್ಲಿ ಅಪಘಾತದ ನಂತರ ಸ್ವಂತ ಹಾನಿಯ ಕ್ಲೇಮು ತಕರಾರಿಗೆ ಒಳಗಾಗಬಹುದು.

ನವೀಕರಣಕ್ಕೆ ಅರ್ಜಿ

ಖಾಸಗಿ ಕಾರಿನ ನೋಂದಣಿ ನವೀಕರಣದ ಅರ್ಜಿಯನ್ನು ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ ಮುಂಚಿನ ಅರವತ್ತು ದಿನಗಳ ಒಳಗಾಗಿ ಸಲ್ಲಿಸಬಹುದು. ಮೈಸೂರು ನಗರದಲ್ಲಿ ಕೆಎ-09 ಸಂಕೇತದ ಮೈಸೂರು ಪಶ್ಚಿಮ ಹಾಗೂ ಕೆಎ-55 ಸಂಕೇತದ ಮೈಸೂರು ಪೂರ್ವ ಎಂಬ ಎರಡು ಪ್ರಾದೇಶಿಕ ಸಾರಿಗೆ ಕಚೇರಿಗಳಿರುವುದರಿಂದ, ಅರ್ಜಿದಾರರು ತಮ್ಮ ವಿಳಾಸಕ್ಕೆ ಸಂಬಂಧಿಸಿದ ಕಚೇರಿಯನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ನವೀಕರಣವು ಐದು ವರ್ಷಗಳ ಅವಧಿಗೆ ದೊರೆಯುತ್ತದೆ. ಸಸ್ಪೆನ್ಷನ್ ಸರಿಪಡಿಸುವ ಕೆಲಸವನ್ನು ತಪಾಸಣೆಗೆ ಕನಿಷ್ಠ ಒಂದೆರಡು ವಾರ ಮೊದಲೇ ಮುಗಿಸಿಕೊಂಡರೆ, ಹೊಸ ಸ್ಪ್ರಿಂಗ್‌ಗಳು ಕುಳಿತ ಬಳಿಕ ಅಲೈನ್‌ಮೆಂಟನ್ನು ಇನ್ನೊಮ್ಮೆ ನೋಡಿಸಲು ಸಮಯ ದೊರೆಯುತ್ತದೆ. ಬದಲಿಸಿದ ಭಾಗಗಳ ರಸೀದಿಗಳನ್ನು ಕಾರಿನ ಇತರ ದಾಖಲೆಗಳೊಂದಿಗೆ ಇಟ್ಟುಕೊಳ್ಳುವುದು ಒಳಿತು. ಮುಂದೆ ಕಾರನ್ನು ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅವನ್ನೇ.