ಹ್ಯಾಚರಿ ನೀರಿಗೆ ಮರಳಿನ ಮದ್ದು

ಸೀಗಡಿ ಮರಿ ಸಾಕುವ ಹ್ಯಾಚರಿಯ ತೊಟ್ಟಿಯಿಂದ ಹೊರಬೀಳುವ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು. ಆದರೆ ತಿಂದುಳಿದ ಮೇವು, ಮರಿಗಳ ಮಲ, ಅಮೋನಿಯಾ, ಕೆಲವೊಮ್ಮೆ ರೋಗಾಣುಗಳೂ ಅದರಲ್ಲಿರುತ್ತವೆ. ಹಾಗೇ ಕಡಲಿಗೆ ಬಿಟ್ಟರೆ ಪಕ್ಕದ ಹ್ಯಾಚರಿ ಅದೇ ನೀರನ್ನು ಪಂಪಿನಿಂದ ಎಳೆದುಕೊಳ್ಳುತ್ತದೆ. ಒಬ್ಬರ ರೋಗ ಎಲ್ಲರದಾಗುತ್ತದೆ.

ಇದಕ್ಕಿರುವ ಅಗ್ಗದ ಮದ್ದು ಎರಡು ಶತಮಾನ ಹಳೆಯದು. 1804ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಜಾನ್ ಗಿಬ್ ತನ್ನ ಬಟ್ಟೆ ಬಿಳುಪಿಸುವ ಕಾರ್ಖಾನೆಗೆಂದು ನದಿನೀರನ್ನು ಜಲ್ಲಿ, ಮರಳಿನಲ್ಲಿ ಸೋಸಿದ. ಮಿಕ್ಕಿದ್ದನ್ನು ಊರಿನವರಿಗೆ ಮಾರಿದ. 1829ರಲ್ಲಿ ಎಂಜಿನಿಯರ್ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿಯಲ್ಲಿ ದೊಡ್ಡ ಮರಳು ಶೋಧಕ ಕಟ್ಟಿದ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಕಾಲರಾದಿಂದ ತತ್ತರಿಸಿದಾಗ, ಅದೇ ಎಲ್ಬೆ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿಯುತ್ತಿದ್ದ ನೆರೆಯೂರು ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು.

ಮರಳಿನ ಮೇಲೆ ಹುಟ್ಟುವ ಲೋಳೆಪದರದಲ್ಲಿ ಜೀವಾಣುಗಳು ದುಡಿಯುತ್ತವೆ. ಅಮೋನಿಯಾವನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾಗಳನ್ನು 1890ರ ಹೊತ್ತಿಗೆ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೈ ವಿನೊಗ್ರಾದ್‌ಸ್ಕಿ ಬೇರ್ಪಡಿಸಿದರು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಮರಿಗಳಿಗೆ ವಿಷ; ನೈಟ್ರೇಟಿನಿಂದ ಅಪಾಯ ಕಡಿಮೆ.

ಭಾರತದಲ್ಲಿ ಸೀಗಡಿ ಸಾಕಣೆಯ ಕೊಳೆನೀರಿನ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಗಾಂಧಿವಾದಿ ಎಸ್. ಜಗನ್ನಾಥನ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಕಠಿಣ ತೀರ್ಪು ಕೊಟ್ಟಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ಬಂತು. ಹ್ಯಾಚರಿಗಳು ತ್ಯಾಜ್ಯನೀರನ್ನು ಸಂಸ್ಕರಿಸಿಯೇ ಹೊರಬಿಡಬೇಕಾಯಿತು. ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಮೋನಿಯಾ ಉಣ್ಣುವ ಬ್ಯಾಕ್ಟೀರಿಯಾಗಳನ್ನು ಪ್ಲಾಸ್ಟಿಕ್ ಮಣಿಗಳ ಮೇಲೆ ನೆಲೆಗೊಳಿಸಿ, ಹ್ಯಾಚರಿಗೆಂದೇ ಶೋಧಕ ರೂಪಿಸಿದರು.

ಸಣ್ಣ ಹ್ಯಾಚರಿ ಇನ್ನೂ ಸರಳವಾಗಿ ಶುರುಮಾಡಬಹುದು. ಮೊದಲ ತೊಟ್ಟಿಯಲ್ಲಿ ಗಸಿ ಇಳಿಯಲಿ, ಎರಡನೆಯದರಲ್ಲಿ ಮರಳು, ಮೂರನೆಯದರಲ್ಲಿ ಪುಡಿಗಟ್ಟಿದ ಕಪ್ಪೆಚಿಪ್ಪು. ಒಂದು ಗ್ರಾಂ ಅಮೋನಿಯಾ ಸಾರಜನಕ ಕಳೆಯಲು ಬ್ಯಾಕ್ಟೀರಿಯಾಗಳು ಸುಮಾರು 7 ಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರ ಬಳಸುತ್ತವೆ. ಚಿಪ್ಪು ಅದನ್ನು ನಿಧಾನವಾಗಿ ತುಂಬಿಕೊಡುತ್ತದೆ. ಉಳಿದ ನೈಟ್ರೇಟನ್ನು ಹೊರಗಿನ ಕೊಳದ ಕಡಲಪಾಚಿ ಹೀರುತ್ತದೆ. ರೋಗಾಣು ಕೊಲ್ಲುವ ಕ್ಲೋರಿನ್ ಶೋಧಕದ ನಂತರವೇ ಬೀಳಬೇಕು. ಮೊದಲೇ ಬಿದ್ದರೆ ದುಡಿಯುವ ಬ್ಯಾಕ್ಟೀರಿಯಾಗಳೂ ಸಾಯುತ್ತವೆ.

ಈ ಬ್ಯಾಕ್ಟೀರಿಯಾಗಳು ಬೇರೂರಲು ವಾರಗಟ್ಟಲೆ ಬೇಕು, ಗಾಳಿ ಸತತವಾಗಿ ಸಿಗಬೇಕು. ಹಾಗಾಗಿ ಮರಿ ಬಿಡುವ ಮೊದಲೇ ಶೋಧಕ ಸಿದ್ಧವಾಗಿರಬೇಕು. ತೊಟ್ಟಿ ಕಟ್ಟಲು ಸಹಾಯಧನ ಕೊಟ್ಟರಷ್ಟೇ ಸಾಲದು. ಮರಿ ಸಾಕುವ ಕೈಗಳಿಗೆ ಬ್ಯಾಕ್ಟೀರಿಯಾ ಸಾಕುವ ತರಬೇತಿಯನ್ನೂ ಕೊಡಬೇಕು.