ಹಸನಾದ ಬದುಕನ್ನು ಅಳೆದ ಬಗೆ

ಕನ್ನಡದಲ್ಲಿ ಹೊಲವನ್ನೂ ಹಸನು ಮಾಡುತ್ತಾರೆ, ಬದುಕೂ ಹಸನಾಗುತ್ತದೆ. ಉತ್ತು, ಹೆಂಟೆ ಒಡೆದು, ಕಳೆ ಕಿತ್ತು ಬಿತ್ತನೆಗೆ ಸಿದ್ಧಮಾಡಿದ ನೆಲಕ್ಕೆ ಹೇಳುವ ಮಾತನ್ನೇ ಚೆನ್ನಾಗಿ ನಡೆಯುತ್ತಿರುವ ಬಾಳಿಗೂ ಹೇಳುವುದು ರೂಢಿ. ಅದರ ಎದುರಿಗಿರುವ ಮಾತು ಸೊರಗುವುದು. ಅದನ್ನೂ ನೀರಿಲ್ಲದ ಗಿಡಕ್ಕೆ, ಮಂಕಾದ ಮನುಷ್ಯನಿಗೆ ಒಂದೇ ರೀತಿ ಬಳಸುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಕೋರಿ ಕೀಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಇದೇ ಅರ್ಥದ ಎರಡು ಪದಗಳನ್ನು ತಮ್ಮ ಭಾಷೆಯಿಂದ ಆರಿಸಿಕೊಂಡರು. 25ರಿಂದ 74 ವರ್ಷದೊಳಗಿನ 3,032 ಮಂದಿಯ ಉತ್ತರಗಳನ್ನು ಅವರು ಪರಿಶೀಲಿಸಿದಾಗ, ಹಸನಾಗಿ ಬದುಕುತ್ತಿದ್ದವರು ಶೇ 17.2 ಮಾತ್ರ. ಖಿನ್ನತೆಯಂಥ ಕಾಯಿಲೆ ಇಲ್ಲದೆಯೂ ಸೊರಗಿದ್ದವರು ಶೇ 12.1. ಉಳಿದವರಲ್ಲಿ ಬಹುಪಾಲು ಜನ ನಡುವೆ ಎಲ್ಲೋ ಇದ್ದರು. ಕಾಯಿಲೆ ಇಲ್ಲ ಎಂದಮಾತ್ರಕ್ಕೆ ಬದುಕು ಹಸನಾಗಿದೆ ಎನ್ನುವಂತಿಲ್ಲ ಎಂಬುದು ಇದರಿಂದ ಅಂಕಿಗಳಲ್ಲೇ ಕಾಣಿಸಿತು.

ಈ ಮಾತು ವಿಜ್ಞಾನದ ಬಾಯಿಂದ ಬರಲು ಇಷ್ಟು ತಡವಾದದ್ದೇಕೆ ಎಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರಿನ ಹೆಸರೇ ಒಂದು ಸುಳಿವು. 1957ರಲ್ಲಿ ಇಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಉಣುಗಿನಿಂದ ಹರಡುವ ಹೊಸ ವೈರಸ್ಸನ್ನು ಕಂಡುಹಿಡಿದರು. ಊರಿನವರು ಮಂಗನ ಕಾಯಿಲೆ ಎಂದು ಕರೆದದ್ದು ವೈದ್ಯಕೀಯ ಪುಸ್ತಕಗಳಲ್ಲಿ ಕ್ಯಾಸನೂರು ಕಾಡಿನ ಕಾಯಿಲೆಯಾಯಿತು. ಜಗತ್ತು ಈ ಊರನ್ನು ಒಂದು ರೋಗದ ಮೂಲಕ ಮಾತ್ರ ಬಲ್ಲದು. ಇಲ್ಲಿನ ಗದ್ದೆ, ಅಡಿಕೆ ತೋಟ, ಹಬ್ಬ, ನೆಂಟಸ್ತಿಕೆ ಯಾವುದೂ ಆ ಹೆಸರಿನೊಳಗೆ ಬರಲಿಲ್ಲ. ಮನಸ್ಸಿನ ಅಧ್ಯಯನದಲ್ಲೂ ಹೀಗೆಯೇ ಆಯಿತು. ಮೊದಲು ಹೆಸರು ಪಡೆದದ್ದು ರೋಗಗಳು. ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲೇ ತನ್ನ ಸಂವಿಧಾನದಲ್ಲಿ ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೇಹ, ಮನಸ್ಸು, ಸಮಾಜ ಮೂರರಲ್ಲೂ ಕ್ಷೇಮವಾಗಿರುವುದು ಎಂದು ಬರೆದುಕೊಂಡಿತ್ತು. ಆದರೆ ಕ್ಷೇಮವನ್ನು ಅಳೆಯುವ ಕೋಲು ಆಗಿನ್ನೂ ಯಾರ ಕೈಯಲ್ಲೂ ಇರಲಿಲ್ಲ.

ಆ ಕೋಲಿನ ಮೊದಲ ಗೆರೆಗಳು ಮಾತ್ರ ಅದಕ್ಕೂ ಮೊದಲೇ ಒಂದು ಹಳ್ಳಿಯಲ್ಲಿ ಮೂಡಿದ್ದವು. ಆಸ್ಟ್ರಿಯದ ವಿಯೆನ್ನಾ ಬಳಿಯ ಮಾರಿಯೆಂಟಾಲ್ ಎಂಬ ಊರಿನಲ್ಲಿ 478 ಕುಟುಂಬಗಳಿದ್ದವು. ಊರಿಗೆಲ್ಲ ಅನ್ನ ಕೊಡುತ್ತಿದ್ದ ಬಟ್ಟೆ ಗಿರಣಿ ಮುಚ್ಚಿಹೋಗಿತ್ತು. 1930ರ ದಶಕದ ಆರಂಭದಲ್ಲಿ ಮಾರಿ ಯಾಹೋಡ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ತಮ್ಮ ತಂಡದೊಡನೆ ಅಲ್ಲಿಗೆ ಹೋದರು. ಕೆಲಸ ಹೋದವರ ಕೈಯಲ್ಲಿ ಈಗ ಬೇಕಾದಷ್ಟು ಬಿಡುವಿತ್ತು. ಆದರೂ ಊರಿನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಸಂಶೋಧಕರು ಕಿಟಕಿಯ ಹಿಂದೆ ನಿಂತು ಬೀದಿಯಲ್ಲಿ ಜನ ನಡೆಯುವ ವೇಗವನ್ನೂ ಎಣಿಸಿದರು. ಗಂಡಸರು ನಿಧಾನವಾಗಿ, ಮತ್ತೆ ಮತ್ತೆ ನಿಂತು ನಿಂತು ಸಾಗುತ್ತಿದ್ದರು. ಹೆಂಗಸರ ನಡಿಗೆ ಚುರುಕಾಗಿತ್ತು. ಒಲೆ, ಬಟ್ಟೆ, ಮಕ್ಕಳು ಅವರ ದಿನಕ್ಕೆ ಇನ್ನೂ ಒಂದು ಕ್ರಮವನ್ನು ಉಳಿಸಿದ್ದವು. ಕೆಲಸ ಕೊಡುವುದು ಕೂಲಿಯನ್ನಷ್ಟೇ ಅಲ್ಲ ಎಂದು ಯಾಹೋಡ ಮುಂದೆ ವಿವರಿಸಿದರು. ಅದು ದಿನಕ್ಕೊಂದು ಆಕಾರ ಕೊಡುತ್ತದೆ. ಮನೆಯಾಚೆಯ ಜನರ ಒಡನಾಟ ಕೊಡುತ್ತದೆ. ತನ್ನದಕ್ಕಿಂತ ದೊಡ್ಡದೊಂದರಲ್ಲಿ ಪಾಲು, ನಾಲ್ಕು ಜನರ ನಡುವೆ ಒಂದು ಗುರುತು, ಕೈಕಾಲಿಗೆ ಚಟುವಟಿಕೆ ಇವೂ ಅದರಿಂದಲೇ ಸಿಗುತ್ತವೆ. ಅದೇ ಯಾಹೋಡ 1958ರಲ್ಲಿ ಬರೆದ ಪುಸ್ತಕದಲ್ಲಿ, ಮನಸ್ಸಿನ ಆರೋಗ್ಯವನ್ನು ರೋಗದ ಗೈರುಹಾಜರಿಯಿಂದ ಅಳೆಯದೆ ಅದರದೇ ಲಕ್ಷಣಗಳಿಂದ ಗುರುತಿಸಬೇಕೆಂದು ವಾದಿಸಿದರು. ಬಹುಕಾಲ ಈ ಮಾತಿಗೆ ಕಿವಿಗೊಟ್ಟವರು ಕಡಿಮೆ.

ಕರ್ನಾಟಕಕ್ಕೆ ಮನೋವಿಜ್ಞಾನ ಬಂದದ್ದು ಮಾರಿಯೆಂಟಾಲ್ ಅಧ್ಯಯನಕ್ಕೂ ಮೊದಲು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ನೆಲದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಹಳ್ಳಿಯ ಬದುಕನ್ನು ಹತ್ತಿರದಿಂದ ನೋಡಿದ ದೊಡ್ಡ ಕೆಲಸ ನಡೆದದ್ದು ಮಾತ್ರ ಕರಾವಳಿಯ ಕೋಟದಲ್ಲಿ. ಬ್ರಿಟಿಷ್ ಮನೋವೈದ್ಯ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅಲ್ಲಿನ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಿಗೆ ಹೋಗಿ ಜನರನ್ನು ಮಾತಾಡಿಸಿದರು. ತಾಯಿಯ ಕಡೆಯಿಂದ ಆಸ್ತಿ ಹೋಗುವ ಅಳಿಯಕಟ್ಟು ಸಡಿಲಾಗಿ ತಂದೆಯಿಂದ ಮಕ್ಕಳಿಗೆ ಆಸ್ತಿ ಹೋಗುವ ಪದ್ಧತಿ ಬೇರೂರುತ್ತಿದ್ದ ಕಾಲವದು. ಈ ಬದಲಾವಣೆಯ ಒತ್ತಡ ಮನಸ್ಸುಗಳ ಮೇಲೆ ಹೇಗೆ ಬೀಳುತ್ತದೆ ಎಂಬುದು ಅವರ ಪ್ರಶ್ನೆ. ಪುಸ್ತಕ 1976ರಲ್ಲಿ ಹೊರಬಂತು. ಅದರ ಬೆಲೆ ಇರುವುದು ಒಂದು ಸರಳ ನಿರ್ಧಾರದಲ್ಲಿ: ಒಬ್ಬ ವ್ಯಕ್ತಿಗೆ ಯಾವ ತೊಂದರೆಗಳಿವೆ ಎಂಬುದನ್ನು ಒಂದು ಕಡೆ, ಮನೆ, ಕೆಲಸ, ನೆರೆಹೊರೆಗಳಲ್ಲಿ ಆತ ಹೇಗೆ ನಡೆದುಕೊಂಡು ಹೋಗುತ್ತಿದ್ದಾನೆ ಎಂಬುದನ್ನು ಇನ್ನೊಂದು ಕಡೆ, ಬೇರೆ ಬೇರೆಯಾಗಿ ಅಳೆದರು. ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ ಎನ್ನುವವರು ಬಲೆ ಎಳೆಯುವುದನ್ನೋ ನಾಟಿ ಮಾಡುವುದನ್ನೋ ಬಿಟ್ಟಿರಲೇಬೇಕೆಂದಿಲ್ಲ. ಇವೆರಡನ್ನು ಕಲಸದೆ ನೋಡಿದಾಗಲೇ ದಿನದಿನದ ಬದುಕು ಕಣ್ಣಿಗೆ ಬೀಳುವುದು. ಜನ ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು ಎಲ್ಲರ ಬಳಿಗೂ ಹೋಗುತ್ತಿದ್ದುದನ್ನು ಇಬ್ಬರೂ ಗೌರವದಿಂದಲೇ ದಾಖಲಿಸಿದರು.

ಕಪೂರ್ ಮುಂದೆ ನಿಮ್ಹಾನ್ಸ್‌ಗೆ ಬಂದರು. 1975ರಲ್ಲಿ ಅಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಆರಂಭವಾಯಿತು. ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ತೊಂದರೆ ಗುರುತಿಸುವುದನ್ನು ಕಲಿಸಲಾಯಿತು. ಈ ಅನುಭವವೇ 1980ರ ದಶಕದ ಬಳ್ಳಾರಿ ಜಿಲ್ಲಾ ಪ್ರಯೋಗಕ್ಕೆ ದಾರಿಯಾಯಿತು. ಕಪೂರರ ಕುತೂಹಲ ಅಲ್ಲಿಗೇ ನಿಲ್ಲಲಿಲ್ಲ. ಅವರು ಸ್ವತಃ ಯೋಗ ಕಲಿತರು. ಸಾಧುಗಳ ಜೊತೆ ಕುಳಿತು, ಎಲ್ಲವನ್ನೂ ಬಿಟ್ಟವರು ಹೇಗೆ ನೆಮ್ಮದಿಯಿಂದಿರುತ್ತಾರೆ ಎಂದು ಕೇಳಿದರು. 2006ರಲ್ಲಿ ಅವರು ತೀರಿಕೊಂಡ ಮೇಲೆ ಆ ಮಾತುಕತೆಗಳು ಪುಸ್ತಕವಾಗಿ ಬಂದವು. ಹುಚ್ಚಿನಿಂದ ಆರಂಭಿಸಿ ನೆಮ್ಮದಿಯವರೆಗೆ ಒಬ್ಬನೇ ವೈದ್ಯ ನಡೆದ ಈ ದಾರಿ ಕರ್ನಾಟಕದ ಮನೋವಿಜ್ಞಾನ ಚರಿತ್ರೆಯ ಅತ್ಯಂತ ಆಪ್ತ ಭಾಗ.

ಕಪೂರ್ ಈ ದಾರಿಯಲ್ಲಿದ್ದ ವರ್ಷಗಳಲ್ಲೇ ಹೊರದೇಶದಲ್ಲಿ ಅಳತೆಗೋಲುಗಳು ಒಂದೊಂದಾಗಿ ಸಿದ್ಧವಾಗುತ್ತಿದ್ದವು. ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಐದೇ ವಾಕ್ಯಗಳ ಒಂದು ಮಾಪಕ ಕೊಟ್ಟರು. ತನ್ನ ಬದುಕು ತನಗೆ ತೃಪ್ತಿ ಕೊಟ್ಟಿದೆಯೇ ಎಂದು ವ್ಯಕ್ತಿಯೇ ಒಂದರಿಂದ ಏಳರವರೆಗೆ ಅಂಕ ಹಾಕಿಕೊಳ್ಳಬೇಕು. ಕ್ಯಾರೊಲ್ ರಿಫ್ 1989ರಲ್ಲಿ ಖುಷಿಯ ಲೆಕ್ಕವಷ್ಟೇ ಸಾಲದೆಂದರು. ತನ್ನನ್ನು ತಾನು ಒಪ್ಪಿಕೊಳ್ಳುವುದು, ಒಳ್ಳೆಯ ಸಂಬಂಧಗಳು, ಬದುಕಿಗೊಂದು ಗುರಿ, ಬೆಳೆಯುತ್ತಿದ್ದೇನೆಂಬ ಭಾವ ಇವೂ ಬೇಕೆಂದು ತೋರಿಸಿದರು. 1998ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್‌ಮನ್ ಇದನ್ನೊಂದು ಚಳವಳಿಯನ್ನಾಗಿಸಿದರು. ಅವರ ತಂಡ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈಗ ಎಲ್ಲೆಡೆ ಹಬ್ಬಿದೆ. ದಿನದ ಮೂರು ಒಳ್ಳೆಯ ಸಂಗತಿಗಳನ್ನು, ಅವು ಯಾಕೆ ಆದವು ಎಂಬುದರೊಡನೆ, ಒಂದು ವಾರ ರಾತ್ರಿ ಬರೆದಿಟ್ಟವರ ಸಂತೋಷ ಆರು ತಿಂಗಳ ಮೇಲೂ ಹೆಚ್ಚಾಗಿತ್ತು. ಅಂತರ್ಜಾಲದ ಮೂಲಕ ತಾವಾಗಿ ಮುಂದೆ ಬಂದವರ ಮೇಲೆ ನಡೆದ ಪ್ರಯೋಗ ಅದು. ಎಲ್ಲರಿಗೂ ಹಾಗೆಯೇ ಆಗುತ್ತದೆ ಎನ್ನುವುದು ದುಡುಕು.

ಈ ಮಾಪಕಗಳನ್ನು ನಮ್ಮಲ್ಲಿಗೆ ತರುವಾಗ ಮೊದಲು ಅಡ್ಡ ಬರುವುದು ಮಾತು. ಸುಖ, ಸಂತೋಷ, ನೆಮ್ಮದಿ, ತೃಪ್ತಿ, ಸಮಾಧಾನ, ಹಿತ, ಆರಾಮ ಇವು ಕನ್ನಡದಲ್ಲಿ ಒಂದೇ ಅಲ್ಲ. ಸಂತೋಷ ಬಂದು ಹೋಗುತ್ತದೆ. ನೆಮ್ಮದಿ ಇರುತ್ತದೆ ಅಥವಾ ಇರುವುದಿಲ್ಲ. ಸಾಲ ತೀರಿದರೆ ಸಮಾಧಾನ, ಮಗಳ ಮದುವೆ ಸುಸೂತ್ರವಾದರೆ ತೃಪ್ತಿ. ನಿಮಗೆ ನಿಮ್ಮ ಬದುಕು ತೃಪ್ತಿ ಕೊಟ್ಟಿದೆಯೇ ಎಂದು ಮಲೆನಾಡಿನ ಅಜ್ಜಿಯೊಬ್ಬಳನ್ನು ಕೇಳಿದರೆ ಅಂಕ ಬರುವುದಿಲ್ಲ. ‘ಮಕ್ಳು ಮರಿ ಚೆನ್ನಾಗಿದ್ರೆ ನಾನೂ ಚೆನ್ನಾಗಿದ್ದಂಗೇ’ ಎಂಬ ಉತ್ತರ ಬರುತ್ತದೆ. ಅದು ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಮಾತಲ್ಲ. ಕ್ಷೇಮವೆಂಬುದು ಒಬ್ಬಳ ಮೈಯೊಳಗೆ ಮುಗಿಯುವುದಿಲ್ಲ ಎಂಬ ಖಚಿತ ಹೇಳಿಕೆ. ಇದನ್ನು ಅರಿತವರು ಆರ್. ನಾಗಪಾಲ್ ಮತ್ತು ಎಚ್. ಸೆಲ್. ವಿಶ್ವ ಆರೋಗ್ಯ ಸಂಸ್ಥೆಯ ದೆಹಲಿ ಕಚೇರಿಗಾಗಿ 1985ರಲ್ಲಿ ಅವರು ಸಿದ್ಧಪಡಿಸಿದ 40 ಪ್ರಶ್ನೆಗಳ ಪಟ್ಟಿಯಲ್ಲಿ ಮನೆಯವರ ಆಸರೆ, ಆಪ್ತರ ಬಗೆಗಿನ ಚಿಂತೆ, ತನ್ನನ್ನು ಮೀರಿದ್ದರ ಅನುಭವ ಇವಕ್ಕೆ ಜಾಗವಿತ್ತು. ಕೋಲ್ಕತ್ತದಲ್ಲಿ ರಾಬರ್ಟ್ ಬಿಸ್ವಾಸ್-ಡೀನರ್ ಮತ್ತು ಎಡ್ ಡೀನರ್ ಕೊಳೆಗೇರಿ, ಪಾದಚಾರಿ ಮಾರ್ಗಗಳಲ್ಲಿ ಬದುಕುವವರು ಸೇರಿದಂತೆ 83 ಮಂದಿಯನ್ನು ಮಾತಾಡಿಸಿ 2001ರಲ್ಲಿ ವರದಿ ಮಾಡಿದ್ದೂ ಇದಕ್ಕೆ ಹತ್ತಿರದ ಸಂಗತಿ. ಒಟ್ಟು ಬದುಕಿನ ಬಗ್ಗೆ ಅವರ ತೃಪ್ತಿ ಕಡಿಮೆಯೇ ಇತ್ತು, ಆದರೆ ಕುಟುಂಬದಂಥ ಸಂಗತಿಗಳಲ್ಲಿ ಹಾಗಿರಲಿಲ್ಲ.

ಶಿವಮೊಗ್ಗ ಜಿಲ್ಲೆಯಿಂದಲೇ ಬಂದ ಸಾಕ್ಷ್ಯ ತೀರ್ಥಹಳ್ಳಿ ತಾಲ್ಲೂಕಿನದು. 2000ರ ದಶಕದಲ್ಲಿ ಜಗದೀಶ ತೀರ್ಥಹಳ್ಳಿ, ಬಿ.ಎನ್. ಗಂಗಾಧರ್ ಮೊದಲಾದ ನಿಮ್ಹಾನ್ಸ್ ವೈದ್ಯರು ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯ ಇರುವವರನ್ನು ಹಳ್ಳಿಹಳ್ಳಿಯಲ್ಲಿ ಹುಡುಕಿ, ಚಿಕಿತ್ಸೆ ಕೊಡಿಸಿ, ವರ್ಷಗಟ್ಟಲೆ ಜೊತೆಗಿದ್ದರು. ಅವರು ಬಳಸಿದ ಭಾರತೀಯ ಮಾಪಕ ನೋಡುವುದು ನಾಲ್ಕನ್ನು: ತನ್ನ ಆರೈಕೆ ತಾನು ಮಾಡಿಕೊಳ್ಳುವುದು, ಜನರೊಡನೆ ಒಡನಾಟ, ಮಾತು–ತಿಳಿವಳಿಕೆ, ಕೆಲಸ. ಕೆಲಸವೆಂದರೆ ಸಂಬಳದ ನೌಕರಿಯೇ ಆಗಬೇಕಿಲ್ಲ, ಮನೆಗೆಲಸವೂ ಲೆಕ್ಕಕ್ಕಿದೆ. ಔಷಧಿ ಸಿಕ್ಕವರ ಅಸಮರ್ಥತೆ ಇಳಿಯಿತು; ಸಿಗದೆ ಉಳಿದವರದು ಇದ್ದಲ್ಲೇ ಇತ್ತು. ಇದು ಮೊದಲು ಹೇಳಬೇಕಾದ ಮಾತು, ಏಕೆಂದರೆ ಹಳ್ಳಿಯ ಪ್ರೀತಿಯೊಂದೇ ಕಾಯಿಲೆ ವಾಸಿಮಾಡುತ್ತದೆಂಬ ನಂಬಿಕೆ ಅಪಾಯಕಾರಿ. ಎರಡನೆಯ ಮಾತೂ ಅಷ್ಟೇ ಮುಖ್ಯ. ವರ್ಷಗಳ ನಂತರ ನೋಡಿದಾಗ ಇವರಲ್ಲಿ ಬಹಳಷ್ಟು ಮಂದಿ ಒಂದಲ್ಲ ಒಂದು ಕೆಲಸದಲ್ಲಿದ್ದರು. ಮಲೆನಾಡಿನ ಮನೆಯಲ್ಲಿ ಕೊಟ್ಟಿಗೆ, ತೋಟ, ಅಂಗಳ, ಅಡಿಕೆ ಸುಲಿತ ಹೀಗೆ ಯಾರ ಶಕ್ತಿಗೂ ಒಗ್ಗುವ ಒಂದು ಪಾಲು ಇರುತ್ತದೆ. ಹೊತ್ತಿಗೆ ಸರಿಯಾಗಿ ಬರಬೇಕೆನ್ನುವ ಕಚೇರಿಯಲ್ಲಿ ಆ ಪಾಲು ಸಿಗುವುದು ಕಷ್ಟ. ಮಾರಿಯೆಂಟಾಲ್‌ನ ಹೆಂಗಸರ ಚುರುಕು ನಡಿಗೆ ಹೇಳಿದ್ದೂ ಇದನ್ನೇ.

ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ 1970ರ ದಶಕದಿಂದ ಬಂಡೆ ಹತ್ತುವವರನ್ನು, ಚೆಸ್ ಆಟಗಾರರನ್ನು, ಶಸ್ತ್ರವೈದ್ಯರನ್ನು ಮಾತಾಡಿಸಿ, ಹೊತ್ತಿನ ಪರಿವೆಯಿಲ್ಲದೆ ಕೆಲಸದಲ್ಲಿ ಕರಗಿಹೋಗುವ ಸ್ಥಿತಿಯನ್ನು ವಿವರಿಸಿದರು. ಗುರಿ ಸ್ಪಷ್ಟವಿರಬೇಕು, ಕೆಲಸದ ಕಷ್ಟವೂ ಕೈಯ ಕಸುಬೂ ಸಮವಾಗಿರಬೇಕು, ಮಾಡಿದ್ದು ಸರಿಯೋ ತಪ್ಪೋ ಅಲ್ಲಲ್ಲೇ ಕಾಣಬೇಕು. ಸೊರಬ, ಸಾಗರ, ಶಿಕಾರಿಪುರದ ದೀವರ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆಯುವಾಗ ಮೂರೂ ಕೂಡಿಬರುತ್ತವೆ. ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಎಳೆಯುವ ಗೆರೆ ಕೂದಲೆಳೆಯಷ್ಟು ಸಣ್ಣ. ಕೈ ನಡುಗಿದರೆ ಆಗಲೇ ಗೊತ್ತಾಗುತ್ತದೆ. ಹುಣ್ಣಿಮೆಯಂದು ಆ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ, ತುಂಬಿದ ಪೈರನ್ನು ಹೊತ್ತ ಭೂಮಿಗೆ ಬಸುರಿಯ ಬಯಕೆ ತೀರಿಸುವಂತೆ ಉಣಬಡಿಸುತ್ತಾರೆ. ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ 2003ರಲ್ಲಿ ಕೃತಜ್ಞತೆಯ ಪಟ್ಟಿ ಬರೆಸಿ ಪರೀಕ್ಷಿಸಿದ್ದು ಒಬ್ಬೊಬ್ಬರ ಮನಸ್ಸನ್ನು. ಇಲ್ಲಿ ಕೃತಜ್ಞತೆ ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ, ವರ್ಷಕ್ಕೊಮ್ಮೆ ದಿನ ನಿಗದಿಯಾದದ್ದು.

ಆದರೆ ಮನಸ್ಸಿನ ಅಭ್ಯಾಸಗಳ ಮೇಲೆ ಎಲ್ಲ ಭಾರ ಹಾಕುವುದು ಅನ್ಯಾಯ. ಚಳಿಗಾಲದಿಂದ ಮಳೆಗಾಲ ಶುರುವಾಗುವವರೆಗೆ ಮಂಗನ ಕಾಯಿಲೆಯ ಭಯದಲ್ಲಿ ದರಗು ತರಲು ಕಾಡಿಗೆ ಹೋಗುವವರಿಗೆ, ಎಲೆಚುಕ್ಕಿ ರೋಗಕ್ಕೆ ತೋಟ ಒಪ್ಪಿಸಿ ಸಾಲದಲ್ಲಿ ಕುಳಿತವರಿಗೆ ಮೂರು ಒಳ್ಳೆಯ ಸಂಗತಿ ಬರೆದುಕೊಳ್ಳಿ ಎಂದಷ್ಟೇ ಹೇಳಿದರೆ ಸಾಲದು. ಜಗತ್ತಿನ ಮನೋವಿಜ್ಞಾನ ಬಹುಪಾಲು ಪಶ್ಚಿಮದ ಅನುಕೂಲಸ್ಥರನ್ನೇ ನೋಡಿ ಮನುಷ್ಯರೆಲ್ಲರ ಬಗ್ಗೆ ಮಾತಾಡುತ್ತಿದೆ ಎಂದು ಜೋಸೆಫ್ ಹೆನ್‌ರಿಕ್ ಮತ್ತು ಸಂಗಡಿಗರು 2010ರಲ್ಲಿ ಎಚ್ಚರಿಸಿದ್ದನ್ನೂ ಇಲ್ಲಿ ನೆನೆಯಬೇಕು.

ಶಿವಮೊಗ್ಗದಲ್ಲಿ ಮನಸ್ಸಿನ ಮಾತನ್ನು ಜನರ ನಡುವೆ ತಂದವರು ಮನೋವೈದ್ಯ ಅಶೋಕ್ ಪೈ. 2016ರಲ್ಲಿ ತೀರಿಕೊಳ್ಳುವವರೆಗೂ ಅವರು ಆಸ್ಪತ್ರೆ ನಡೆಸುವುದರ ಜೊತೆಗೆ ಕಥೆ, ಕಾದಂಬರಿ, ಸಿನಿಮಾಗಳನ್ನೂ ಅದಕ್ಕೆ ಬಳಸಿದರು. ಸುರೇಶ್ ಹೆಬ್ಳೀಕರ್ ನಿರ್ದೇಶನದ ‘ಕಾಡಿನ ಬೆಂಕಿ’ ಹಾಗೆ ಹುಟ್ಟಿದ್ದು. ನಿಮ್ಹಾನ್ಸ್ 2011ರಲ್ಲಿ ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿ ಕ್ಷೇಮ ಕೇಂದ್ರವನ್ನು ತೆರೆದದ್ದು, ಆಸ್ಪತ್ರೆಯ ಗೇಟು ದಾಟಲು ಹಿಂಜರಿಯುವವರೂ ಬರಲಿ ಎಂದು. ಅದೇ ದಶಕದಲ್ಲಿ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯೊಡನೆ ಸೇರಿ ಯುವ ಸ್ಪಂದನ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಜಿಲ್ಲೆ ಜಿಲ್ಲೆಯಲ್ಲಿ ಯುವ ಪರಿವರ್ತಕರೆಂಬ ತರಬೇತಿ ಪಡೆದ ಯುವಜನರು ತಮ್ಮ ವಯಸ್ಸಿನವರನ್ನೇ ಮಾತಾಡಿಸುತ್ತಾರೆ. ಕಾಯಿಲೆಯ ಹೆಸರು ಹೇಳಿಕೊಂಡು ಅಲ್ಲಿಗೆ ಬರಬೇಕಿಲ್ಲ. ಓದು, ಕೆಲಸ, ಸಂಬಂಧ, ಮನೆಯ ಮಾತು ಯಾವುದಿದ್ದರೂ ಸಾಕು.