ಹಿಂಡಿಯ ಜೊತೆ ಎಣ್ಣೆಯೂ ಹೋಗುತ್ತಿದೆಯೇ? ಮಿಲ್ಲಿನ ಸವೆತ ನೋಡಿಕೊಳ್ಳುವ ಬಗೆ



ನಮ್ಮ ಅರಸೀಕೆರೆ ಸೀಮೆಯ ಒಳ್ಳೆಯ ಉಂಡೆ ಕೊಬ್ಬರಿ ತಿಪಟೂರು ಮಾರುಕಟ್ಟೆ ಸೇರಿ, ಅಲ್ಲಿಂದ ಉತ್ತರ ಭಾರತಕ್ಕೆ ತಿನ್ನುವ ಕೊಬ್ಬರಿಯಾಗಿ ಹೋಗುತ್ತದೆ. ಎಣ್ಣೆಗೆ ಬರುವುದು ಹೆಚ್ಚಾಗಿ ಒಡೆದದ್ದು, ಹೋಳು, ಚೂರು. ಆ ಚೂರಿನಿಂದಲೇ ನಾಲ್ಕು ಕಾಸು ಮಾಡೋಣ ಅಂತ ಸಂಘದವರು ಸಾಲ ಎತ್ತಿ ಚಿಕ್ಕ ಎಣ್ಣೆ ಮಿಲ್ ಹಾಕುತ್ತಾರೆ. ಮೊದಲು ಚೆನ್ನಾಗಿ ನಡೆಯುತ್ತದೆ. ಆಮೇಲೆ, ಮಿಲ್ ಏನೋ ಓಡ್ತಾ ಇದೆ, ಕಂತು ಕಟ್ಟೋಕೆ ಮಾತ್ರ ದುಡ್ಡು ಉಳೀತಿಲ್ಲ ಅನ್ನುವ ಮಾತು ಶುರುವಾಗುತ್ತದೆ. ಕೆಟ್ಟು ನಿಂತ ಮಿಲ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಸವೆದ ಮಿಲ್ ನಿಲ್ಲುವುದಿಲ್ಲ, ಸದ್ದೂ ಮಾಡುವುದಿಲ್ಲ. ನಷ್ಟ ಹಿಂಡಿಯ ಚೀಲದಲ್ಲಿ ಕೂತು ಬಾಗಿಲು ದಾಟುತ್ತದೆ.

ಹಿಂದಿನ ಗಾಣ ನಿಮಗೆ ಗೊತ್ತು. ಹೊಯ್ಸಳರ ಕಾಲದ ಶಾಸನಗಳಲ್ಲಿ ಗುಡಿಯ ದೀಪಕ್ಕೆ ಗಾಣದ ಎಣ್ಣೆ ದಾನ ಬಿಟ್ಟ ಮಾತು ಬರುತ್ತದೆ, ಅಷ್ಟು ಹಳೆಯದು. ಗಾಣದಲ್ಲಿ ಎತ್ತು ಸುತ್ತಿ ಒನಕೆ ಅರೆಯುತ್ತಿತ್ತು. ಈಗಿನ ಎಕ್ಸ್‌ಪೆಲ್ಲರಿನಲ್ಲಿ ಒಂದು ಉಕ್ಕಿನ ಶಾಫ್ಟಿನ ಮೇಲೆ ತಿರುಪಿನಂಥ ಬಿಲ್ಲೆಗಳನ್ನು ಸಾಲಾಗಿ ಪೋಣಿಸಿರುತ್ತಾರೆ. ಇವೇ ವರ್ಮ್‌ಗಳು. ಸುತ್ತ ಉಕ್ಕಿನ ಪಟ್ಟಿಗಳನ್ನು ಕೂದಲೆಳೆಯಷ್ಟು ಸಂದು ಬಿಟ್ಟು ಜೋಡಿಸಿದ ಗೂಡು, ಅಂದರೆ ಚೇಂಬರ್. ವರ್ಮ್ ಕೊಬ್ಬರಿಯನ್ನು ಮುಂದೆ ಮುಂದೆ ತಳ್ಳುತ್ತದೆ, ಜಾಗ ಕಿರಿದಾಗುತ್ತಾ ಹೋಗುತ್ತದೆ. ಎಣ್ಣೆ ಸಂದಿನಿಂದ ಇಳಿಯುತ್ತದೆ, ಹಿಂಡಿ ತುದಿಯ ಕೋನ್ ಹತ್ತಿರ ಹೊರಬರುತ್ತದೆ. ಒತ್ತಡ ಹೆಚ್ಚು ಇರುವುದು ಆ ತುದಿಯಲ್ಲಿ, ಆದ್ದರಿಂದ ಕೊನೆಯ ವರ್ಮ್‌ಗಳೇ ಮೊದಲು ಸವೆಯುತ್ತವೆ.

ಸವೆತ ತಿಳಿಯಲು ಮಿಲ್ ಬಿಚ್ಚುವ ಮೊದಲು ತಕ್ಕಡಿ ಹಿಡಿಯಿರಿ. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಪಾಲು ಎಣ್ಣೆ. ಲೆಕ್ಕಕ್ಕೆ 64 ಅಂತ ಇಟ್ಟುಕೊಳ್ಳೋಣ. ಹಿಂಡಿಯಲ್ಲಿ ನೂರಕ್ಕೆ 8 ಎಣ್ಣೆ ಉಳಿದರೆ 100 ಕೆ.ಜಿ. ಕೊಬ್ಬರಿಗೆ ಸುಮಾರು 39 ಕೆ.ಜಿ. ಹಿಂಡಿ ಬರುತ್ತದೆ. ಅದೇ 16 ಉಳಿದರೆ ಹಿಂಡಿ 43 ಕೆ.ಜಿ. ದಾಟಲು ನೋಡುತ್ತದೆ. ಹಿಂಡಿ ಜಾಸ್ತಿ ಬಂತು ಅಂತ ಸಂತೋಷ ಪಡಬೇಡಿ! ಆ ಹೆಚ್ಚಿನ 4 ಕೆ.ಜಿ. ಪೂರಾ ಎಣ್ಣೆ, ಮಾರಿದ್ದು ಮಾತ್ರ ಹಿಂಡಿಯ ಬೆಲೆಗೆ. ಹೊಸ ಮಿಲ್ ಓಡಿಸಿದ ಮೊದಲ ತಿಂಗಳೇ ಕೊಬ್ಬರಿ, ಎಣ್ಣೆ, ಹಿಂಡಿ ಮೂರರ ತೂಕ ಬರೆದಿಡಿ. ಸಂಘದ ಪುಸ್ತಕ ಬರೆಯುವವರೇ ಇದನ್ನೂ ಬರೆದರೆ ಒಳ್ಳೆಯದು. ಮುಂದೆ ಹೋಲಿಸಲು ಅದೇ ಅಳತೆಗೋಲು.

ಆದರೆ ತೂಕ ಏರಿದ ಕೂಡಲೇ ವರ್ಮ್ ಮೇಲೆ ತಪ್ಪು ಹೊರಿಸಬಾರದು. ಕೊಬ್ಬರಿ ಹಸಿಯಿದ್ದರೂ ಹಿಂಡಿ ಮೆತ್ತಗೆ ಬರುತ್ತದೆ, ಆವಿ ಏಳುತ್ತದೆ, ಎಣ್ಣೆ ನೊರೆ ಕಟ್ಟುತ್ತದೆ. ತೇವ ನೂರಕ್ಕೆ 6ರ ಆಸುಪಾಸಿಗೆ ಬರುವಂತೆ ಒಣಗಿಸಿ, ಇನ್ನೊಮ್ಮೆ ಆಡಿಸಿ ನೋಡಿ. ಆಗಲೂ ಹಿಂಡಿ ಕೈಗೆ ಜಿಡ್ಡು ಹತ್ತಿದರೆ ವರ್ಮ್ ನೋಡಬೇಕು. ಎಣ್ಣೆಯ ಜೊತೆ ಮಡ್ಡಿ ಹೆಚ್ಚು ಬರುತ್ತಿದ್ದರೆ ಚೇಂಬರಿನ ಪಟ್ಟಿ ಸವೆದು ಸಂದು ಅಗಲವಾಗಿರಬಹುದು.

ಇಲ್ಲೊಂದು ಕೆಟ್ಟ ಅಭ್ಯಾಸ ಇದೆ. ಎಣ್ಣೆ ಕಡಿಮೆ ಅಂತ ಕಂಡ ತಕ್ಷಣ ಕೋನ್ ಬಿಗಿ ಮಾಡುವುದು. ಒಂದೆರಡು ದಿನ ಹಿಂಡಿ ತೆಳ್ಳಗೆ, ಒಣಗಿ ಬರುತ್ತದೆ, ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಸವೆತ ಹಾಗೇ ಇರುತ್ತದೆ, ಮೇಲಿಂದ ಮೋಟಾರಿಗೂ ಬೇರಿಂಗಿಗೂ ಭಾರ. ಚೇಂಬರ್ ಕಾದು ಎಣ್ಣೆ ಕಪ್ಪಾಗುತ್ತದೆ, ಸೀದ ವಾಸನೆ ಬರುತ್ತದೆ. ಗಿರಾಕಿ ಒಮ್ಮೆ ಮೂಗು ಮುರಿದರೆ ಮತ್ತೆ ಬರುವುದು ಕಷ್ಟ.

ಹೊಸ ವರ್ಮ್ ತಂದಾಗಲೇ ಅದರ ಅಂಚನ್ನು ದಪ್ಪ ರಟ್ಟಿನ ಮೇಲೆ ಗೆರೆ ಎಳೆದು ಕತ್ತರಿಸಿ, ಗೋಡೆಗೆ ತೂಗು ಹಾಕಿ. ತಿಂಗಳಿಗೊಮ್ಮೆ ಚೇಂಬರ್ ಬಿಚ್ಚಿ, ಒರೆಸಿ, ಕೊನೆಯ ವರ್ಮ್‌ಗೆ ಆ ರಟ್ಟು ಹಿಡಿದು ನೋಡಿದರೆ ಎಷ್ಟು ಸವೆದಿದೆ ಅಂತ ಓದು ಬಾರದವರಿಗೂ ತಿಳಿಯುತ್ತದೆ. ಅಂಚು ಬಳೆಯಂತೆ ದುಂಡಗೆ ನುಣುಪಾಗಿದ್ದರೆ ಲೇತಿನವರ ಹತ್ತಿರ ಗಟ್ಟಿ ವೆಲ್ಡಿಂಗ್ ಹಾಕಿಸಿ, ಮೂಲ ಅಳತೆಗೆ ತಿಕ್ಕಿಸಬಹುದು. ಬಿರುಕು ಬಿಟ್ಟಿದ್ದರೆ ಹೊಸದೇ ಹಾಕಬೇಕು. ಚೇಂಬರಿನ ಪಟ್ಟಿಯ ಒಂದು ಅಂಚು ಸವೆದಿದ್ದರೆ ಕೆಲವು ಮಿಲ್‌ಗಳಲ್ಲಿ ತಿರುಗಿಸಿ ಇನ್ನೊಂದು ಅಂಚು ಬಳಸಬಹುದು. ಮಿಲ್ ಕೊಟ್ಟವರನ್ನು ಕೇಳಿ ಮಾಡಿ.

ಸವೆತಕ್ಕೆ ದೊಡ್ಡ ಕಾರಣ ಮರಳು. ರಸ್ತೆಯ ಮೇಲೆ, ಬರಿ ನೆಲದ ಮೇಲೆ ಕೊಬ್ಬರಿ ಹರಡಿದರೆ ಮಣ್ಣು ಕೂಡಿಕೊಂಡೇ ಬರುತ್ತದೆ. ಟಾರ್ಪಾಲಿನ ಮೇಲೆ ಒಣಗಿಸಿ, ಜರಡಿ ಹಿಡಿಯಿರಿ. ಮೊಳೆ, ತಂತಿ ಚೂರು ಸಿಕ್ಕಲು ಮಿಲ್ಲಿಗೆ ಕೊಬ್ಬರಿ ಸುರಿಯುವ ಬಾಯಲ್ಲಿ ಒಂದು ಅಯಸ್ಕಾಂತ ಇಟ್ಟರೆ ಸಾಕು.

ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಕಾಟ ಕರೆಂಟಿನದು. ತ್ರೀ ಫೇಸ್ ನಡುವೆಯೇ ಹೋದರೆ ಚೇಂಬರಿನಲ್ಲಿದ್ದ ಹಿಂಡಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕರೆಂಟ್ ಬಂದಾಗ ಹಾಗೇ ಗುಂಡಿ ಒತ್ತಿದರೆ ಶಾಫ್ಟ್ ಮುರಿಯಬಹುದು. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಕೋನ್ ಸಡಿಲಿಸಿ, ದೊಡ್ಡ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ ಬಿಡಿಸಿ. ಲೈನ್‌ಮನ್ ತಂತಿ ಕೆಲಸ ಮಾಡಿ ಹೋದ ದಿನ ಮೋಟಾರು ಉಲ್ಟಾ ತಿರುಗುತ್ತಿದೆಯೇ ಅಂತ ಕೊಬ್ಬರಿ ಹಾಕುವ ಮೊದಲೇ ನೋಡಿ. ದಿನಾ ಮಿಲ್ ನಿಲ್ಲಿಸುವಾಗಲೂ ಕೋನ್ ಸಡಿಲಿಸಿ, ಒಳಗಿನದು ಹೊರಬರುವವರೆಗೆ ಓಡಿಸಿಯೇ ನಿಲ್ಲಿಸಬೇಕು. ಓಡುವಾಗ ಚೇಂಬರಿಗೆ ಕೈ ಹಾಕುವುದು ಬೇಡವೇ ಬೇಡ. ಸೆರಗು ಸಿಕ್ಕಿಸಿ, ಜಡೆ ಕಟ್ಟಿ, ಬೆಲ್ಟಿಗೆ ಜಾಲರಿ ಇರಲಿ.

ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ 2007ರಲ್ಲಿ ಆರಂಭವಾದ ಮೇಲೆ ಹೊಂಗೆ, ಬೇವಿನ ಬೀಜ ಆರಿಸುವ ಆಸೆ ಈ ಕಡೆ ಹೆಚ್ಚಿತು. ಬೀಜ ಆರಿಸಿ ಮಾರಿ, ಒಳ್ಳೆಯದೇ. ಆದರೆ ತಿನ್ನುವ ಎಣ್ಣೆ ತೆಗೆಯುವ ಮಿಲ್ಲಿಗೆ ಹೊಂಗೆ ಹಾಕಬೇಡಿ. ಅದು ತಿನ್ನುವ ಎಣ್ಣೆಯಲ್ಲ, ಕಹಿ ಸಂದುಗೊಂದಿನಲ್ಲಿ ಉಳಿಯುತ್ತದೆ.

ಇನ್ನು ಖರ್ಚಿನ ಮಾತು. ಪ್ರತಿ ಕ್ವಿಂಟಾಲ್ ಆಡಿಸಿದಾಗಲೂ ಸವೆತಕ್ಕೆ ಅಂತ ಇಷ್ಟು ಹಣ ಬೇರೆ ತೆಗೆದಿಡುವುದನ್ನು ವಾರದ ಸಭೆಯಲ್ಲಿ ತೀರ್ಮಾನಿಸಿ, ಆ ದುಡ್ಡಿನಲ್ಲಿ ಮೊದಲು ಕೊನೆಯ ಎರಡು ವರ್ಮ್ ತಂದಿಡಿ. ಶಾಫ್ಟಿನಿಂದ ವರ್ಮ್ ಕಳಚುವಾಗ ಒಂದೊಂದರ ಮೇಲೂ 1, 2, 3 ಅಂತ ಗುರುತು ಹಾಕಿಯೇ ಲೇತಿಗೆ ಕಳಿಸಿ. ಒಂದು ಹಿಂದೆ ಮುಂದೆ ಆದರೂ ಕೊಬ್ಬರಿ ಮುಂದಕ್ಕೆ ಹೋಗದೆ ಕಟ್ಟಿಕೊಳ್ಳುತ್ತದೆ.